ಅಮ್ಮಾಜಮ್ಮನ ಜೀರಂಗಿ

“ನೋಡಪ್ಪ ನರೇಂದ್ರ, ಒಂದು ಮಾತು ಹೇಳ್ತೀನಿ, ನಗಬಾರದು. ನಿನ್ನ ಹೆಂಡ್ತಿನ ನೋಡ್ಬೇಕು ಅನ್ನೋ ಆಸೆ ನನಗೆ ಎಳ್ಳಷ್ಟೂ ಇಲ್ಲ. ಆಷಾಢ ಅಂದ್ರೆ ಆಷಾಢ. ಮದುವೆಯಾದ ವರ್ಷ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನಮ್ಮತ್ತೆ ನನಗೆ ಹೇಳಿದ್ರು, ಅವರತ್ತೆ ಅವರಿಗೆ ಹೇಳಿದ್ರು, ನಾನು ಮಾಲಾಗೆ ಹೇಳ್ದೆ. ಅದ್ರಲ್ಲಿ ತಪ್ಪೇನು? ಒಂದು ವಾರ ತವರಲ್ಲಿದ್ದು ಬಂದ್ಬಿಡ್ತೀನಿ ಅತ್ತೆ ಅಂದ್ಲು. ಇಲ್ಲ ಕಣಮ್ಮ, ತಿಂಗಳು ಪೂರ್ತಿ ಅಂದೆ. ಅಷ್ಟಕ್ಕೇ ಮೂತಿ ಊದಿಸ್ಕೊಂಡು, ‘ಹಂಗಾದ್ರೆ ನೀವೇ ಬಾಯಿಬಿಟ್ಟು ಬಾ ಅಂತ ಕರೆಯೋ ತನಕ ನಾನು ಬರೋದೇ ಇಲ್ಲ’ ಅಂತ ಹೊರಟುಹೋದ್ಲು. ಹೋಗ್ಲಿ ಬಿಡು. ಅವಳಿಲ್ದಿದ್ರೆ ನನಗೇನು ಮುದ್ದೆ ಗಂಟಲಲ್ಲಿ ಇಳಿಯಲ್ವಾ? ಇಳೀತದೆ. ನಿನ್ನೆ ಇಳೀಲಿಲ್ಲ, ಅದು ಮುದ್ದೆ ಗಟ್ಟಿಯಾಗಿತ್ತು ಅಂತ. ಆದ್ರೆ ಹೋಗೋವಾಗ ಒಂದು ಸೀರೆ ಕೊಟ್ಟಿದ್ದೆ ಕಣಪ್ಪ, ಗಿಳಿಹಸಿರು ಮೈ, ಅರಿಶಿನದ ಅಂಚು. ಅದನ್ನ ಉಟ್ಟಿದ್ದಾಳೋ, ಇಲ್ಲ ಕೋಪಕ್ಕೆ ಪೆಟ್ಟಿಗೆ ತಳಕ್ಕೆ ತುರುಕಿದ್ದಾಳೋ, ಅದೊಂದು ಗೊತ್ತಾಗ್ಬೇಕು. ಉಟ್ಟಿದ್ರೆ ಒಗೀತಾಳೆ. ಒಗೆದ್ರೆ ಮಹಡಿ ಮೇಲೆ ಒಣಗಾಕ್ತಾಳೆ. ನಿನ್ನ ಆ ಹಾರೋ ಜೀರಂಗಿನ ಒಂದು ಸಲ ಅವರ ಮಹಡಿ ಮೇಲೆ ತಿರುಗಿಸ್ಕೊಂಡು ಬಾ. ಸೀರೆ ನೋಡೋಕೆ ಅಷ್ಟೇ. ಮನುಷ್ಯರನ್ನ ನೋಡೋಕಲ್ಲ.”

ಅಮ್ಮಾಜಮ್ಮ ತನ್ನ ಅರವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಮಗ ನರೇಂದ್ರ ನಗಲಿಲ್ಲ. ಕೆಮ್ಮಿದ. (ಆ ಕೆಮ್ಮಿಗೆ ಒಂದು ಅರ್ಥವಿತ್ತು. ಅದು ಆಕೆಗೆ ಆಮೇಲೆ ತಿಳಿಯಿತು.)

ಮಾತಾಡುವುದು ಅಮ್ಮಾಜಮ್ಮನ ಕಸುಬಲ್ಲ. ಆಕೆಯದು ಕೇಳುವ ಕಸುಬು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಲೋಕದ ವಿದ್ಯೆಯನ್ನೆಲ್ಲ ಕಿವಿಯಿಂದಲೇ ತುಂಬಿಕೊಂಡವಳು. ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಹುಳುವಿಗೆ ಹಸಿವೋ ಅಜೀರ್ಣವೋ ಎಂದು ಹೇಳಬಲ್ಲಳು. ಅಂಥ ಕಿವಿಗೆ ಮಾಲಾ ಸೊಸೆಯಾಗಿ ಬಂದದ್ದು ಹಬ್ಬವಾಗಿತ್ತು. ಮಾಲಾ ಎಂದರೆ ಮಾತು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಮಾತು, ಸಾರಿಗೆ ಒಗ್ಗರಣೆ ಹಾಕುತ್ತ ಮಾತು, ಸಾಸಿವೆ ಸಿಡಿದರೆ ಸಾಸಿವೆಯ ಮೇಲೊಂದು ಮಾತು. ಐದು ತಿಂಗಳು ಅತ್ತೆ ಕೇಳಿದಳು, ಸೊಸೆ ಹೇಳಿದಳು. ಇಬ್ಬರಿಗೂ ಆಯಾಸವೆಂಬುದೇ ಇರಲಿಲ್ಲ. ಈಗ ಹದಿನಾಲ್ಕು ದಿನದಿಂದ ಆ ಕಿವಿ ಉಪವಾಸ.

ಮನೆಯಲ್ಲಿ ಬೇರೆ ಮಾತು ಹುಟ್ಟುವ ಸಂಭವವೂ ಇರಲಿಲ್ಲ. ಯಜಮಾನ ವೆಂಕಟರಾಮಪ್ಪ ದಿನಕ್ಕೆ ಹನ್ನೊಂದು ಮಾತಿನ ಮನುಷ್ಯ. ಅದರಲ್ಲಿ ಆರು ‘ಊರ್ಕೋ.’ ಆಂಧ್ರದ ಗಡಿ ಬಹಳ ದೂರವಿಲ್ಲದ ಊರಾದ್ದರಿಂದ, ಹೆಂಡತಿಯನ್ನು ‘ಸುಮ್ನಿರು’ ಎಂದು ಗದರಿಸುವ ಕೆಲಸವನ್ನು ಅವರು ತೆಲುಗಿನಲ್ಲಿ ಮಾಡುತ್ತಿದ್ದರು. ಈಚೆಗೆ ಆ ಹನ್ನೊಂದೂ ಕಡಿಮೆಯಾಗಿತ್ತು. ಮಧ್ಯಾಹ್ನ ಸೊಪ್ಪಿನ ಕತ್ತಿ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಮೊಪೆಡ್ ಹತ್ತಿ ಹೋಗುವರು, ಸಂಜೆಗೆ ಬಂದು “ಕಾಫಿ ಬೇಡ” ಎನ್ನುವರು. ಹದಿನಾಲ್ಕು ದಿನ ಸತತವಾಗಿ ಸಾಣೆ ಹಿಡಿಸಿಕೊಂಡ ಆ ಕತ್ತಿ ಇಷ್ಟರಲ್ಲಿ ಸೂಜಿಯಾಗಬೇಕಿತ್ತು. ಅಮ್ಮಾಜಮ್ಮ ಅದನ್ನು ಗಮನಿಸಲಿಲ್ಲ. ಆಕೆಯ ಗಮನವೆಲ್ಲ ಮೂಡಣ ದಿಕ್ಕಿನಲ್ಲಿತ್ತು.

ಮೂಡಣ ದಿಕ್ಕಿನಲ್ಲಿ ಮಾಲಾಳ ತವರು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಹಿಡಿದು ಸುತ್ತಿ ಹೋದರೆ ಮೂರು ಮೈಲಿ. ನೆಟ್ಟಗೆ ಹಕ್ಕಿ ಹಾರಿದರೆ ಅರ್ಧ ಮೈಲಿಯೂ ಇಲ್ಲ: ಇತ್ತ ಹಿಪ್ಪುನೇರಳೆ ತೋಟ, ನಡುವೆ ನೀರು ಬತ್ತಿ ಒಣಗಿದ ಒಂದು ಕುಂಟೆ, ಅತ್ತ ನಾಲ್ಕು ನೀಲಗಿರಿ ಮರ, ಆಮೇಲೆ ಅವರ ಮಹಡಿಯ ಮೇಲಿನ ನೀಲಿ ನೀರಿನ ಟ್ಯಾಂಕು. ದಿನಾ ಬೆಳಿಗ್ಗೆ ಅಮ್ಮಾಜಮ್ಮ ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಮಹಡಿ ಹತ್ತಿ ಆ ಕಡೆ ನೋಡುವಳು. ಕಣ್ಣಿಗೆ ಪೊರೆ ಬರುತ್ತಿದ್ದುದರಿಂದ ನೀಲಿಯೊಂದು ಬೊಟ್ಟಿನಷ್ಟು ಕಾಣುತ್ತಿತ್ತು. ಮಿಕ್ಕದ್ದೆಲ್ಲ ಹೊಗೆ. ಒಣಹಾಕಿದ ಮೆಣಸಿನಕಾಯಿಯನ್ನು ಆಷಾಢದ ಗಾಳಿ ಪಕ್ಕದ ಮನೆಗೆ ಹಂಚುತ್ತಿತ್ತು. ಪಕ್ಕದ ಮನೆಯ ವೆಂಕಟರತ್ನಮ್ಮ ಅದನ್ನು ಹಿಂದಿರುಗಿಸಲಿಲ್ಲ. ಬದಲಿಗೆ, “ನಿಮ್ಮ ಸೊಸೆ ಶ್ರಾವಣಕ್ಕೂ ಬರಲ್ಲ ಅಂದ್ಲಂತೆ, ನಿಜವಾ?” ಎಂದು ಒಂದು ಮಾತನ್ನು ಈ ಕಡೆಗೆ ಎಸೆದಳು.

ಆ ಮಾತು ನಾಟಿತು. ಶ್ರಾವಣಕ್ಕೂ ಬರದಿದ್ದರೆ? ಫೋನು ಮಾಡಿ ಕೇಳಬಹುದಿತ್ತು. ಆದರೆ ಫೋನು ಮಾಡಿದರೆ ಕರೆದಂತಾಯಿತು, ಕರೆದರೆ ಸೋತಂತಾಯಿತು. ಸೀರೆಯನ್ನು ಕೇಳಿದರೆ ಸೋಲಿಲ್ಲ. ಅದಕ್ಕೇ ಈ ವೈಮಾನಿಕ ಸಮೀಕ್ಷೆ.

ಜೀರಂಗಿ ಎಂದರೆ ಡ್ರೋನು. ಮದುವೆಯ ವಿಡಿಯೋ ಮಾಡಿದ ಗೆಳೆಯ ಸಿದ್ಧಾರ್ಥ್ ಮುಯ್ಯಿಯೆಂದು ಕೊಟ್ಟದ್ದು. ಕಲಿಯುವವರಿಗೆಂದೇ ಮಾಡಿದ ಪುಟ್ಟದು, ಎರಡು ಈರುಳ್ಳಿಯ ತೂಕ, ನಾಲ್ಕು ರೆಕ್ಕೆ, ಹೊಟ್ಟೆಯಡಿ ಒಂದು ಕಣ್ಣು. ಆ ಕಣ್ಣು ಕಂಡದ್ದು ಕೆಳಗಿರುವವರ ಫೋನಿನಲ್ಲಿ ಕಾಣುತ್ತದೆ. ಅದು ಗುಂಯ್ಯೆನ್ನುವುದನ್ನು ಕೇಳಿದೊಡನೆ ಅಮ್ಮಾಜಮ್ಮನಿಗೆ ಹುಡುಗಿಯಾಗಿದ್ದಾಗ ಬೆಂಕಿಪೊಟ್ಟಣದಲ್ಲಿ ಸಾಕಿದ ಹಸಿರು ಮಿರುಗುವ ಜೀರಂಗಿ ಹುಳು ನೆನಪಾಗಿ, ಅಂದಿನಿಂದ ಅದಕ್ಕೆ ಅದೇ ನಾಮಕರಣ.

“ಅಮ್ಮ, ಈ ಗಾಳೀಲಿ ಆಗಲ್ಲ,” ಎಂದ ನರೇಂದ್ರ. “ಬಿಗಿನರ್ ಡ್ರೋನಮ್ಮ ಇದು. ಆಷಾಢದ ಗಾಳಿಗೆ ಗೌರಿಬಿದನೂರಲ್ಲಿ ಸಿಗ್ತದೆ, ಅಷ್ಟೇ.”

“ಗೌರಿಬಿದನೂರು ಪಡುವಣಕ್ಕಲ್ವೇನೋ ಇರೋದು? ಗಾಳಿ ಬೀಸೋದೇ ಆ ಕಡೆಯಿಂದ. ಅಲ್ಲಿಗೆ ಹೆಂಗೆ ಹೋಗ್ತದೆ?”

ನರೇಂದ್ರ ಡ್ರೋನಿನ ಬ್ಯಾಟರಿಯನ್ನು ಚಾರ್ಜಿಗಿಟ್ಟ. ಗಾಳಿಯ ವಿಷಯದಲ್ಲಿ ಆಕೆಯೊಂದಿಗೆ ವಾದಕ್ಕಿಳಿಯುವುದು ಕ್ಷೇಮವಲ್ಲ. ನಲವತ್ತು ವರ್ಷ ಮೊರ ಹಿಡಿದು ರಾಗಿ ತೂರಿದವಳು. ಗಾಳಿ ಯಾವ ಹೊತ್ತಿಗೆ ಏಳುತ್ತದೆ, ಎಷ್ಟು ಹೊತ್ತು ಬೀಸಿ ಎಷ್ಟು ಹೊತ್ತು ಉಸಿರು ಕಟ್ಟುತ್ತದೆ, ಮನೆಯ ಯಾವ ಮೂಲೆಯಲ್ಲಿ ಸುಳಿ ಹಾಕುತ್ತದೆ ಎಲ್ಲವೂ ಆಕೆಯ ಮೊಣಕೈಗೆ ಗೊತ್ತು.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ವಾಯುಸೇನೆಯ ತರಬೇತಿ ಶುರುವಾಯಿತು. ನರೇಂದ್ರ ಫೋನಿನಲ್ಲಿ ಗಾಳಿಯ ವೇಗ ನೋಡಿ, “ಎಂಟು ಕಿಲೋಮೀಟರ್, ಓಕೆ” ಎಂದ. ಅಮ್ಮಾಜಮ್ಮ ಅದನ್ನು ನಂಬದೆ ಮೊರದಲ್ಲಿ ಒಂದು ಹಿಡಿ ಹೊಟ್ಟು ತಂದು, ಹೆಗಲೆತ್ತರದಿಂದ ಸುರಿದಳು. ಹೊಟ್ಟು ಒಂದು ಹೆಜ್ಜೆಯೊಳಗೆ ಬಿತ್ತು. “ಒಂದು ಹೆಜ್ಜೆಗೆ ಬಿದ್ರೆ ಹಾರ್ಸು. ಎರಡಕ್ಕೆ ಬಿದ್ರೆ ಮಂಡಿ ಎತ್ತರಕ್ಕಷ್ಟೇ. ಮೂರಾದ್ರೆ ಜೀರಂಗಿನ ಮುಚ್ಚಿಟ್ಟು ಸೊಪ್ಪು ಕುಯ್ಯೋಕೆ ನಡಿ,” ಎಂದು ಶಾಸನ ಹೊರಡಿಸಿದಳು.

ಡ್ರೋನು ಮಂಡಿಯೆತ್ತರಕ್ಕೆ ಎದ್ದಿತು. ಕೋಳಿಗಳು ಹದ್ದೆಂದು ತಿಳಿದು ಗೂಡು ಸೇರಿದವು. ಅಲ್ಲಾಡದೆ ನಿಂತಿತು, ಸೊಂಟದೆತ್ತರಕ್ಕೆ ಹೋಯಿತು, ತಲೆಯೆತ್ತರಕ್ಕೆ ಹೋಯಿತು. ನರೇಂದ್ರನಿಗೆ ಉಮೇದು ಬಂದು ಮನೆಯ ತೆಂಕಣ ಮೂಲೆಗೆ ತಿರುಗಿಸಿದ. ಅಲ್ಲಿ ಅದಕ್ಕೆ ದೆವ್ವ ಹಿಡಿದಂತಾಗಿ, ಮೂರು ಸುತ್ತು ತಿರುಗಿ, ತಿಪ್ಪೆಯಲ್ಲಿ ಮೂಗೂರಿತು.

“ಆ ಮೂಲೇಲಿ ಯಾವಳಾದ್ರೂ ರಾಗಿ ತೂರ್ತಾಳೇನೋ? ಗೋಡೆಗೆ ಬಡಿದ ಗಾಳಿ ಅಲ್ಲಿ ಸುತ್ತಾಕ್ತದೆ. ಬಯಲಿಗೆ ಬಾರೋ!” ಎಂದು ಆಕೆ ಸೆರಗಿನಿಂದ ಡ್ರೋನಿನ ಮೂಗು ಒರೆಸಿದಳು.

ನರೇಂದ್ರ ಕಲಿಕೆಯ ವಿಡಿಯೋಗಳನ್ನು ಹಾಕಿಕೊಂಡು ಕೂರುತ್ತಿದ್ದ. ಪಕ್ಕದಲ್ಲಿ ಸೊಪ್ಪು ಕತ್ತರಿಸುತ್ತಿದ್ದ ಅಮ್ಮಾಜಮ್ಮ ಒಂದು ಸಲ ಕೇಳಿದ್ದನ್ನು ಹಾಗೆಯೇ ಮಗನಿಗೆ ಒಪ್ಪಿಸುತ್ತಿದ್ದಳು. ಮೇಲೆ ಹೋದಷ್ಟೂ ಗಾಳಿ ಜೋರು. ಗಾಳಿಗೆ ಎದುರಾಗಿ ಹಾರಿದರೆ ಬ್ಯಾಟರಿ ಬೇಗ ತೀರುತ್ತದೆ, ಆದ್ದರಿಂದ ಅರ್ಧ ಉಳಿದಿರುವಾಗಲೇ ಮನೆಗೆ ತಿರುಗಿಸಬೇಕು. ಕಣ್ಣಳತೆ ಮೀರಿ ಬಿಡಬಾರದು. ಮುಖ್ಯವಾಗಿ, ಮೊದಲು ಗಾಳಿಗೆ ಎದುರಾಗಿ ಹೋಗಬೇಕು. ಸುಸ್ತಾಗಿ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ.

“ಅಲ್ಲೇ ಇರೋದು ಕಷ್ಟ,” ಎಂದ ನರೇಂದ್ರ. “ನಿನ್ನ ಬೀಗರ ಮನೆ ಗಾಳಿ ಹೋಗೋ ದಿಕ್ಕಲ್ಲಿದೆ. ಹೋಗೋವಾಗ ಹೂವೆತ್ತಿದಂಗೆ ಹೋಗ್ತದೆ. ಬರೋವಾಗ ಎದುರುಗಾಳಿ. ಬರೋಕಾಗ್ದೆ ಅಲ್ಲೇ ಉಳ್ಕೊಂಡ್ರೆ?”

ಅಲ್ಲೇ ಉಳಿದುಕೊಂಡರೆ! ಅಮ್ಮಾಜಮ್ಮನ ಕೈಯಲ್ಲಿ ಕತ್ತಿ ನಿಂತಿತು. ಹೋಗುವಾಗ ಸಲೀಸು, ಬರುವಾಗ ಎದುರುಗಾಳಿ. ಆ ಎದುರುಗಾಳಿ ಬೀಸುತ್ತಿದ್ದುದು ಯಾರ ಬಾಯಿಂದ ಎಂಬುದು ಆಕೆಗೆ ಹೊಳೆಯದೇ ಇರಲಿಲ್ಲ. ಹೊಳೆದದ್ದನ್ನು ಸೊಪ್ಪಿನ ಜೊತೆಗೆ ಸಣ್ಣಗೆ ಕತ್ತರಿಸಿ ಹಾಕಿದಳು.

ಆಮೇಲೆ ಅಟ್ಟ ಹತ್ತಿ ಒಂದು ದಾರದ ಉಂಡೆ ತಂದಳು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಮನೆ ನಡೆಸುವ ಅಖ್ತರಿ ಹೋದ ರಂಜಾನಿಗೆ ಸುರಕುಂಬಾ ಪಾಯಸದ ಜೊತೆಗೆ ಕೊಟ್ಟಿದ್ದ ಹುರಿ ಮಾಡಿದ ರೇಷ್ಮೆ ದಾರ. ಕೂದಲಿಗಿಂತ ಸಣ್ಣ, ತೂಕವೇ ಇಲ್ಲ, ಎಳೆದರೆ ಬೆರಳು ಕುಯ್ಯುತ್ತದೆ, ತಾನು ಹರಿಯುವುದಿಲ್ಲ.

“ಜೀರಂಗಿ ಹಾರ್ಸೋವಾಗ ನಾವು ದಾರ ಕಟ್ತಿರ್ಲಿಲ್ವಾ? ಇದಕ್ಕೂ ಕಟ್ಟು. ಬರೋಕಾಗ್ದಿದ್ರೆ ಎಳ್ಕೊಳ್ಳೋದು.”

“ಅಮ್ಮ! ರೆಕ್ಕೆಗೆ ದಾರ ಸುತ್ಕೊಂಡ್ರೆ ಮುಗೀತು. ಡ್ರೋನಿಗೆ ದಾರ ಕಟ್ಬಾರ್ದು ಅಂತ ವಿಡಿಯೋದಲ್ಲಿ ಮೊದಲೇ ಹೇಳ್ತಾರೆ.”

“ವಿಡಿಯೋದೋನಿಗೆ ಸೊಸೆ ಇದ್ದಾಳಾ?”

ದಾರವನ್ನು ಡ್ರೋನಿನ ಕಾಲಿಗೆ ಕಟ್ಟಲಾಯಿತು.

ಶುಕ್ರವಾರ ಬೆಳಿಗ್ಗೆ ಹೊಟ್ಟು ಒಂದೂವರೆ ಹೆಜ್ಜೆಗೆ ಬಿತ್ತು. ಶಾಸನದ ಪ್ರಕಾರ ಹಾರಿಸುವಂತಿರಲಿಲ್ಲ. ಅಮ್ಮಾಜಮ್ಮ ತನ್ನ ಹೆಜ್ಜೆಯನ್ನು ಸ್ವಲ್ಪ ಉದ್ದ ಇಟ್ಟು, “ಒಂದೇ ಹೆಜ್ಜೆ,” ಎಂದು ತೀರ್ಪು ಕೊಟ್ಟಳು. ತೋಟದಂಚಿನ ಕಣದಲ್ಲಿ ಆಕೆ ಕಾಲು ಚಾಚಿ ಕೂತು ಮಡಿಲಲ್ಲಿ ಉಂಡೆ ಇಟ್ಟುಕೊಂಡಳು. ಅಡುಗೆಯಾಗಿರಲಿಲ್ಲ, ಗಿರಣಿಗೆ ಹಾಕಬೇಕಾದ ರಾಗಿ ತೂರದೆ ಪಕ್ಕದಲ್ಲೇ ಬಿದ್ದಿತ್ತು. “ನಿಮ್ಮಪ್ಪ ಕೇಳಿದ್ರೆ ನನಗೇನೂ ಗೊತ್ತಿಲ್ಲ ಅಂತೀನಿ. ಅವಳು ಕೇಳಿದ್ರೂ ಅಷ್ಟೇ. ಎಲ್ಲ ನಿಂದು,” ಎಂದು ಮೊದಲೇ ಒಪ್ಪಂದವಾಯಿತು.

ಜೀರಂಗಿ ಎದ್ದಿತು. ಹಿಂದಿನಿಂದ ಗಾಳಿ ತಳ್ಳಿತು. ಮಡಿಲಲ್ಲಿ ಉಂಡೆ ಗಿರಗಿರ ತಿರುಗಿತು. ಫೋನಿನೊಳಗೆ ಹಿಪ್ಪುನೇರಳೆಯ ಸಾಲುಗಳು ಬಾಚಿದ ತಲೆಯಂತೆ ಹಿಂದೆ ಸರಿದವು. ಬಿರುಕುಬಿಟ್ಟ ಕುಂಟೆ ಬಂತು, ನೀಲಗಿರಿ ಮರಗಳ ತಲೆ ಬಂತು. ಆಗ ಫೋನಿನೊಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗದರಿದಳು: “ಸ್ಟ್ರಾಂಗ್ ವಿಂಡ್. ರಿಟರ್ನ್ ಟು ಹೋಮ್.”

“ಏನ್ ಹೋಮ ಮಾಡ್ಸಬೇಕಂತೆ?”

“ಹೋಮ ಅಲ್ಲಮ್ಮ, ಹೋಮ್. ಗಾಳಿ ಜಾಸ್ತಿ, ಮನೆಗೆ ವಾಪಸ್ ಬಾ ಅಂತಿದ್ದಾಳೆ.”

“ಎಷ್ಟು ಸಲೀಸಾಗಿ ಅಂದ್ಬಿಟ್ಲು,” ಎಂದಳು ಅಮ್ಮಾಜಮ್ಮ, ಹೊಟ್ಟೆಕಿಚ್ಚಿನಿಂದ. ಹದಿನೇಳು ದಿನದಿಂದ ತನ್ನ ಬಾಯಿಗೆ ಬಾರದ ಮಾತು!

ನೀಲಿ ಟ್ಯಾಂಕು ಬಂತು. ಮಹಡಿ ಬಂತು. ಹಗ್ಗದ ಮೇಲೆ ಒಂದು ಟವೆಲು, ಒಂದು ಪಂಚೆ, ಒಂದು ದಿಂಬಿನ ಚೀಲ. ಅದರಾಚೆ, ಈ ಕಡೆಗೇ ಮುಖ ಮಾಡಿ, ಗಾಳಿಗೆ ಪಟಪಟನೆ ಹಾರಾಡುತ್ತ, ಗಿಳಿಹಸಿರು.

“ಅದೇ! ಅದೇ ಕಣೋ!” ಅಮ್ಮಾಜಮ್ಮ ಮಂಡಿನೋವು ಮರೆತು ಎದ್ದು ನಿಂತಳು. “ಇನ್ನೊಂದು ಚೂರು ಹತ್ರ ಹೋಗಪ್ಪ, ಅಂಚು ನೋಡ್ಬೇಕು.”

“ಅಮ್ಮ, ಬ್ಯಾಟರಿ ಅರ್ಧಕ್ಕೆ ಬಂತು. ನೀನೇ ಹೇಳಿದ್ದು, ಅರ್ಧ ಇರೋವಾಗ...”

“ಅರ್ಧ ಅಂದ್ರೆ ಇನ್ನೂ ಅರ್ಧ ಇದೆ ಅಂತ! ಹೋಗೋ!”

ನರೇಂದ್ರ ಹೋದ. ಅರಿಶಿನದ ಅಂಚು ಕಂಡಿತು. ಅಷ್ಟರಲ್ಲಿ ಪಡುವಣದಿಂದ ಒಂದು ದೊಡ್ಡ ಗಾಳಿ ಎದ್ದುಬಂತು. ಕಣದ ಹೊಟ್ಟು ಮೂರು ಹೆಜ್ಜೆಯಲ್ಲ, ಮೂವತ್ತು ಹೆಜ್ಜೆ ಹಾರಿತು. ಫೋನಿನಲ್ಲಿ ಸೀರೆ ಎರಡು ತೋಳು ಚಾಚಿದಂತೆ ಎದ್ದು, ಜೀರಂಗಿಯನ್ನು ಅಪ್ಪಿಕೊಂಡಿತು. ಪರದೆಯೆಲ್ಲ ಹಸಿರು. ಆಮೇಲೆ ಕಪ್ಪು.

ಅಮ್ಮಾಜಮ್ಮ ದಾರ ಎಳೆದಳು. ಬರಲಿಲ್ಲ. ಇನ್ನೊಂದು ಸಲ ಎಳೆದಳು. ಆಗ ಆ ತುದಿಯಿಂದ ಯಾರೋ ಎರಡು ಸಲ ಜಗ್ಗಿದರು.

“ಅಮ್ಮ, ದಾರ ಕಿತ್ತಾಕು! ಕಿತ್ತಾಕಿದ್ರೆ ಯಾರ್ದು ಅಂತ ಗೊತ್ತಾಗಲ್ಲ!”

ಸೊಪ್ಪಿನ ಕತ್ತಿ ಪಕ್ಕದಲ್ಲೇ ಇತ್ತು. ಅಮ್ಮಾಜಮ್ಮ ಅದನ್ನು ಮುಟ್ಟಲಿಲ್ಲ. ಬೆರಳ ಮೇಲೆ ದಾರ ಸಣ್ಣಗೆ ಅದುರುತ್ತಿತ್ತು. ಗಾಳಿಯ ಅದುರು ಬೇರೆ, ಕೈಯ ಅದುರು ಬೇರೆ, ಆಕೆಗೆ ಗೊತ್ತು. ಕುಂಟೆಯಾಚೆ, ಹೊಗೆಯಂಥ ಆ ದೂರದಲ್ಲಿ, ಇದೇ ಎಳೆಯನ್ನು ಇನ್ನೊಂದು ಕೈ ಹಿಡಿದಿದೆ. ಬಳೆ ಸದ್ದು ಕೇಳಿತೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ಆಕೆ ಹೇಳಲಿಲ್ಲ. ದಾರ ಒಂದೊಂದು ಗೇಣು ಸಡಿಲವಾಗುತ್ತ ಬಂತು. ಅತ್ತ ಕಡೆಯವರು ಸುತ್ತಿಕೊಳ್ಳುತ್ತ ಬರುತ್ತಿದ್ದರು.

ಕಾಲು ಗಂಟೆಗೆ ಹಿಪ್ಪುನೇರಳೆಯ ಸಾಲಿನೊಳಗಿಂದ ಮೊದಲು ಮಾತು ಬಂತು, ಆಮೇಲೆ ಮಾಲಾ ಬಂದಳು.

“...ಯಾರದಪ್ಪ ಇದು ಅಂತ ನೋಡಿದ್ರೆ ಕಾಲಲ್ಲಿ ದಾರ! ಡ್ರೋನಿಗೆ ದಾರ ಕಟ್ಟೋರು ಭೂಮಿ ಮೇಲೆ ಇನ್ಯಾರಿರ್ತಾರೆ ಅಂತ ಹಿಡ್ಕೊಂಡು ಬಂದೆ. ಕುಂಟೇಲಿ ಮುಳ್ಳು, ಚಪ್ಪಲಿ ಬೇರೆ ಕಿತ್ತೋಯ್ತು...” ಹೆಬ್ಬೆರಳಿಗೂ ಮೊಣಕೈಗೂ ದಾರವನ್ನು ಲಡಿ ಸುತ್ತಿಕೊಂಡು, ಕಂಕುಳಲ್ಲಿ ಜೀರಂಗಿ, ಹೆಗಲ ಮೇಲೆ ಗೇಣುದ್ದ ಹರಿದ ಹಸಿರು ಸೀರೆ. ದಾರದ ಗುಂಟ ಬಂದ ಅವಳ ಕಣ್ಣು ಅಮ್ಮಾಜಮ್ಮನ ಮಡಿಲಲ್ಲಿ ನಿಂತಿತು. ಉಂಡೆ ಅಲ್ಲೇ ಇತ್ತು.

“ನನಗೇನೂ ಗೊತ್ತಿಲ್ಲಮ್ಮ,” ಎಂದಳು ಅಮ್ಮಾಜಮ್ಮ, ಒಪ್ಪಂದದ ಪ್ರಕಾರ.

“ಗೊತ್ತಾಯ್ತು ಬಿಡಿ. ಸೀರೆ ಕಂಡ್ತಾ?”

“ಯಾವ ಸೀರೆ?”

“ಹದಿನೇಳು ದಿನದಿಂದ ಒಗೀದೇನೇ ಒಣಗಾಕ್ತಿದ್ದೀನಿ ಅತ್ತೆ, ಈ ಕಡೆಗೇ ಕಾಣೋ ಹಂಗೆ. ನೀವು ದಿನಾ ಬೆಳಿಗ್ಗೆ ಮಹಡಿ ಹತ್ತಿ ನಮ್ಮನೆ ಕಡೆ ನೋಡ್ತೀರಿ ಅಂತ ಮಾವ ಹೇಳಿದ್ರಲ್ಲ.”

ಅಮ್ಮಾಜಮ್ಮನ ಕಿವಿ ನೆಟ್ಟಗಾಯಿತು. “ಯಾವ ಮಾವ?”

“ನಮ್ಮ ಮಾವಾನೇ. ದಿನಾ ಮಧ್ಯಾಹ್ನ ನಮ್ಮನೇಗೆ ಕಾಫಿಗೆ ಬರ್ತಾರಲ್ಲ.”

ಸೊಸೆಯ ದನಿ ಕೇಳಿ ಕಣದ ಬದಿಗೆ ಬಂದು ಕೂತಿದ್ದ ವೆಂಕಟರಾಮಪ್ಪ ಅಲ್ಲಿದ್ದ ಸೊಪ್ಪಿನ ಕತ್ತಿಯ ಅಲಗನ್ನು ಬಿಸಿಲಿಗೆ ಹಿಡಿದು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದರು. “ಊರ್ಕೋ ಊರ್ಕೋ,” ಎಂದರು. “ಆಷಾಢ ಅತ್ತೆಗೆ. ಮಾವನಿಗಲ್ಲ.”

“ಕಾಫಿ ಬೇಡ ಅಂತಿದ್ದದ್ದು ಇದಕ್ಕಾ!” ಎಂದು ಗಂಡನ ಕಡೆ ತಿರುಗಿದ ಅಮ್ಮಾಜಮ್ಮ, ಅಷ್ಟಕ್ಕೇ ಬಿಡದೆ ಮಗನ ಕಡೆಗೂ ತಿರುಗಿದಳು. ನರೇಂದ್ರ ಕೆಮ್ಮಿದ. ಅದೇ ಕೆಮ್ಮು.

“ನೀನೂನಾ?”

“ಬುಧವಾರ ಬುಧವಾರ ಅಷ್ಟೇ ಅಮ್ಮ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಹತ್ರ. ಒಂದು ಮಸಾಲೆದೋಸೆ. ಅಲ್ಲಿ ಹೊಸಿಲು ಇಲ್ಲ, ಸ್ಟೀಲ್ ಟೇಬಲ್.”

“ಸೀರೆ ಉಟ್ಟಿದ್ಲಾ ಅಂತ ಕೇಳಿದ್ನಲ್ಲೋ! ಬಾಯಿಬಿಟ್ಟು ಹೇಳ್ಬಾರ್ದಾ?”

“ಹೇಳಿದ್ರೆ ಎಲ್ಲಿ ನೋಡ್ದೆ ಅಂತ ಕೇಳ್ತಿದ್ದೆ.”

ಅಮ್ಮಾಜಮ್ಮ ಮೆಲ್ಲಗೆ ಕೂತಳು. ಇಡೀ ಕುಟುಂಬದಲ್ಲಿ ಆಷಾಢ ಆಚರಿಸಿದವಳು ತಾನೊಬ್ಬಳೇ. ಗಂಡ ಕಾಫಿ ಕುಡಿದ, ಮಗ ದೋಸೆ ತಿಂದ, ಸೊಸೆ ಇಬ್ಬರೊಂದಿಗೂ ಹೊಟ್ಟೆತುಂಬ ಮಾತಾಡಿದಳು. ಶಾಸ್ತ್ರ ಮಾಡಿದವಳು ಮಾತ್ರ ಹದಿನೇಳು ದಿನ ಕಿವಿ ಒಣಗಿಸಿಕೊಂಡು ನೀಲಿ ಬೊಟ್ಟು ನೋಡುತ್ತ ನಿಂತಿದ್ದಳು. ಜೊತೆಗೆ ಒಂದು ಸೇರು ಮೆಣಸಿನಕಾಯಿ ವೆಂಕಟರತ್ನಮ್ಮನ ಪಾಲಾಗಿತ್ತು.

“ಮತ್ತೆ ಶ್ರಾವಣಕ್ಕೂ ಬರಲ್ಲ ಅಂದ್ಯಂತೆ?” ಎಂದಳು, ನೆಲ ನೋಡುತ್ತ.

“ನೀವೇ ಬಾಯಿಬಿಟ್ಟು ಕರೆದ್ರೆ ಬರ್ತೀನಿ ಅಂದಿದ್ದೆ. ಕರೆದ್ರಾ?” ಮಾಲಾ ಜೀರಂಗಿಯನ್ನು ಗಂಡನ ಕೈಗಿತ್ತು, ಸೊಂಟಕ್ಕೆ ಕೈಕೊಟ್ಟು ಕಣದ ಆ ತುದಿಯಲ್ಲಿ ನಿಂತಳು. “ಈಗ ಕರೀರಿ. ಒಂದೇ ಮಾತು.”

ಅಮ್ಮಾಜಮ್ಮ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದು, ಗಂಡ ನೋಡುತ್ತಿರುವುದನ್ನು ಕಂಡು, ಒಳಗೆ ಹೋಯಿತು. ಕೈಗೆ ಏನಾದರೂ ಬೇಕಿತ್ತು. ಮೊರ ಸಿಕ್ಕಿತು. ತೂರದೆ ಬಿದ್ದಿದ್ದ ರಾಗಿಯನ್ನು ಮೊಗೆದುಕೊಂಡು ಎದ್ದು ನಿಂತು, ಹೆಗಲೆತ್ತರಕ್ಕೆ ಹಿಡಿದಳು. ಜೀರಂಗಿಗೆ ಕೆಟ್ಟ ಗಾಳಿ, ರಾಗಿಗೆ ಬಂಗಾರದಂಥ ಗಾಳಿ. ರಾಗಿ ಸರಸರನೆ ನೇರ ಕೆಳಗಿಳಿಯಿತು. ಹೊಟ್ಟು ಮೂಡಣಕ್ಕೆ ಹಾರಿ ನೆಟ್ಟಗೆ ಮಾಲಾಳ ಮುಖಕ್ಕೆ ಹೋಯಿತು.

“ಅಯ್ಯೋ, ಅಲ್ಲಿ ಯಾಕೆ ನಿಂತ್ಕೊಂಡ್ಯೇ? ಕಣ್ಣಿಗೆ ಹೊಟ್ಟು ಬೀಳ್ತದೆ, ಈ ಕಡೆ ಬಾ!”

ವೆಂಕಟರಾಮಪ್ಪ ಕತ್ತಿ ಕೆಳಗಿಟ್ಟರು. ಮಾಲಾ ಕಣ್ಣುಜ್ಜಿಕೊಳ್ಳುತ್ತ ನಕ್ಕಳು. “ಏನಂದ್ರಿ ಅತ್ತೆ?”

“ಏನಂದೆ? ಹೊಟ್ಟಿನ ವಿಷಯ ಅಂದೆ.”

“ಬಾ ಅಂದ್ರಿ. ಮಾವ ಕೇಳಿಸ್ಕೊಂಡ್ರು.”

“ಅವರಿಗೆ ಕಿವಿ ಎಲ್ಲಿದೆ? ಇನ್ನೂ ಹದಿಮೂರು ದಿನ ಆಷಾಢ ಇದೆ, ಹೊಸಿಲು ಗಿಸಿಲು ದಾಟೀಯ ಜೋಕೆ.” ಅಮ್ಮಾಜಮ್ಮ ಮೊರವನ್ನು ಮತ್ತೆ ತುಂಬಿಕೊಂಡಳು. “ಕಣಕ್ಕೇನು ಹೊಸಿಲಿಲ್ಲ. ನಾಳೆ ಬರೋವಾಗ ಚಪ್ಪಲಿ ಹೊಲಿಸ್ಕೊಂಡು ಬಾ.”

ಮಾಲಾ ಈ ಕಡೆಗೆ ಬಂದು, ಗಾಳಿಗೆ ಬೆನ್ನುಕೊಟ್ಟು ಕುಕ್ಕರಗಾಲಲ್ಲಿ ಕೂತು, ರಾಶಿಯಿಂದ ಕಲ್ಲು ಆರಿಸತೊಡಗಿದಳು. ಕೂತೊಡನೆ ಹದಿನೇಳು ದಿನದ ಮಾತು ಮೊದಲನೇ ದಿನದಿಂದ ಶುರುವಾಯಿತು. ಅಮ್ಮಾಜಮ್ಮ ಕೇಳುತ್ತ ತೂರಿದಳು. ಎರಡು ಸೇರು ರಾಗಿ ತೂರಿ ಮುಗಿದ ಮೇಲೆ, ತೂರಿದ್ದನ್ನೇ ಮೊರಕ್ಕೆ ಮೊಗೆದುಕೊಂಡು ಇನ್ನೊಂದು ಸಲ ತೂರಿದಳು.